ಇನ್ನೂರು ಗಾಡಿಯ ದಾರಿ

ಅದೇ ಕೆಂಪು ಟ್ರ್ಯಾಕ್ಟರ್ ಆರನೆಯ ಸಲ ಬಂದಾಗ ಸ್ಫೂರ್ತಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಟ್ರೇಲರ್ ಖಾಲಿಯಿತ್ತು. ಓಡಿಸುತ್ತಿದ್ದವನು ಅವಳ ಕಡೆ ನೋಡದೆ ಧೂಳೆಬ್ಬಿಸಿಕೊಂಡು ಮುಂದೆ ಹೋದ. ಅವನ ಹಿಂದೆ, ಬೆಳಗಿನಿಂದ ನಾಲ್ಕು ಸಲ ಕಂಡಿದ್ದ ಹಾಲಿನ ಕ್ಯಾನಿನ ಬೈಕು. ಅದರ ಹಿಂದೆ ಒಂದು ಆಟೊ, ಅದೂ ಹಳೆಯದೇ.

ಜಿಲ್ಲೆಯ ಮುಂದಿನ ಇಪ್ಪತ್ತು ವರ್ಷಗಳ ರಸ್ತೆ ಯೋಜನೆಗೆ ಸಮೀಕ್ಷೆ ಮಾಡುತ್ತಿದ್ದ ಹೊಸಪೇಟೆಯ ಒಂದು ಕಂಪನಿ ಅವಳನ್ನು ಚೋರನೂರಿನಿಂದ ಒಂಬತ್ತು ಕಿಲೋಮೀಟರ್ ಒಳಗಿನ ಈ ಹಳ್ಳಿಗೆ ಕಳಿಸಿತ್ತು. ಬೆಳಗಿನಿಂದ ಸಂಜೆಯವರೆಗೆ ಹೊಂಗೆ ಮರದ ಕೆಳಗೆ ಕೂತು, ಹಾದುಹೋಗುವ ಗಾಡಿಗಳಿಗೆ ಒಂದೊಂದು ಗೀಟು ಹಾಕುವುದು ಅವಳ ಕೆಲಸ.

"ಏನ್ರಿ ಅಮ್ಮಾ ಇದು? ಅವೇ ಗಾಡಿ ಸುತ್ತು ಹೊಡಿಯಾಕತ್ತಾವು," ಎಂದಳು, ಮಜ್ಜಿಗೆ ತಂದುಕೊಟ್ಟ ಎದುರುಮನೆಯ ಹುಲುಗಮ್ಮನಿಗೆ.

ಹುಲುಗಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ತಿಳೀತೇನವ್ವಾ ನಿನಗ? ದಿನಕ್ಕ ಇನ್ನೂರು ಗಾಡಿ ಓಡಾಡದ ದಾರಿ ಡಾಂಬರು ಹಾಕೋ ಪಟ್ಟಿಗೆ ಬರಂಗಿಲ್ಲಂತ. ಈ ಪಟ್ಟಿ ತಪ್ಪಿದ್ರ ಮತ್ತ ಇಪ್ಪತ್ತು ವರ್ಷ ಕಾಯಬೇಕು. ಅದಕ್ಕ ಊರಾಗಿನ ಮಂದಿ ಇವತ್ತು ಹೊಲಕ್ಕ ಹೋಗಿಲ್ಲ."

"ಸುಳ್ಳು ಲೆಕ್ಕ ಬರದ್ರ ನನ್ನ ಕೆಲ್ಸ ಹೋಗ್ತದ್ರಿ."

ಹುಲುಗಮ್ಮ ಬೇಡಿಕೊಳ್ಳಲಿಲ್ಲ. ದಾರಿಯ ಕಡೆ ನೋಡುತ್ತ ಹೇಳಿದಳು: "ಹ್ವಾದ ಶ್ರಾವಣದಾಗ ನನ್ನ ಸೊಸಿ ಪಂಪಾವತಿಗೆ ಹೆರಿಗಿ ಬ್ಯಾನಿ ಬಂತು. ಭಾಳ ಮಳಿ. ಆಂಬುಲೆನ್ಸ್ ಚೋರನೂರು ದಾಟಿ ಈ ಕೆಸರಾಗ ಬರಾಕ ಆಗ್ಲಿಲ್ಲ. ಈಗ ಹೋತಲ್ಲ, ಅದಾ ಟ್ರ್ಯಾಕ್ಟರ್‌ನಾಗ ಆಕಿನ್ನ ಮಲಗ್ಸಿಕೊಂಡು ಹೊಂಟ್ವಿ. ಹಳ್ಳದಾಗ ಗಾಲಿ ಹೂತ್ವು. ಪಂಪಾವತಿ ನನ್ನ ಕೈ ಹಿಡ್ಕೊಂಡು, ಅತ್ತಿ, ಇನ್ನಾ ಎಷ್ಟು ದೂರ ಐತಿ ಅಂತ ಕೇಳಿದ್ಲು. ಬಂತು ತಗೋ ಅಂದೆ. ಆಸ್ಪತ್ರಿ ಬರೋದ್ರಾಗ ತಾಯಿನೂ ಇಲ್ಲ, ಕೂಸೂ ಇಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಟ್ರ್ಯಾಕ್ಟರ್ ಓಡ್ಸಾಕತ್ತಾನಲ್ಲ, ಎರ್ರಿಯಪ್ಪ, ಅವ ನನ್ನ ಮಗ. ಅವತ್ತೂ ಅವನಾ ಓಡ್ಸಿದ್ದು."

ಟ್ರ್ಯಾಕ್ಟರ್ ಏಳನೆಯ ಸಲ ಬಂತು. ಈ ಸಲ ಸ್ಫೂರ್ತಿ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಗೀಟು ಹಾಕಿದಳು.

ಸಂಜೆ ಜೀಪಿನಲ್ಲಿ ಬಂದ ಮೇಲ್ವಿಚಾರಕ ವೀರೇಶ್ ಹಾಳೆ ಹಿಡಿದು ಹುಬ್ಬೇರಿಸಿದ. "ಇನ್ನೂರ ಮೂವತ್ತೆಂಟು? ಈ ಮೂಲಿಯಾಗ ಇಷ್ಟು ಗಾಡಿ ಎಲ್ಲಿಂದ ಬಂದ್ವು?"

"ನಾನಾ ಎಣಿಸೀನ್ರಿ ಸರ್."

ಅವನು ಸಹಿ ಹಾಕಿದ. ಹೊರಡುವಾಗ ಊರಿನ ಹೆಂಗಸರು ಅವಳ ಹಣೆಗೆ ಕುಂಕುಮವಿಟ್ಟು, ಬ್ಯಾಗಿನ ತುಂಬ ಹಸಿ ಸೇಂಗಾ ಸುರಿದರು. ಇಡೀ ಓದಿನಲ್ಲಿ, ಕೆಲಸದಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸವಿದು ಎಂದು ಹೊಸಪೇಟೆ ಮುಟ್ಟುವವರೆಗೂ ಅವಳಿಗೆ ಅನಿಸುತ್ತಲೇ ಇತ್ತು.

ಒಂದೂವರೆ ವರ್ಷದ ನಂತರ ಯೋಜನೆಗೆ ಒಪ್ಪಿಗೆ ಸಿಕ್ಕಿತು. ವೀರೇಶ್ ಟೇಬಲ್ ಮೇಲೆ ನಕ್ಷೆ ಹರಡಿದಾಗ ಅವಳ ಕಣ್ಣು ಮೊದಲು ಹುಡುಕಿದ್ದು ಆ ಹಳ್ಳಿಯನ್ನು. ದಾರಿ ಇತ್ತು. ದಪ್ಪ ಗೆರೆ ಎಳೆದಿದ್ದರು.

"ಬಂತಲ್ರಿ ಸರ್!"

"ಬರದ ಏನು ಮಾಡ್ತದ? ನಾಕು ಲೇನ್. ಗಣಿ ಗುಡ್ಡದಿಂದ ರೈಲಿಗೆ ಅದಿರು ತುಂಬೋ ಸೈಡಿಂಗ್‌ತನಕ ಲಾರಿ ಓಡ್ಸಾಕ ಎರಡು ದಾರಿ ನೋಡಿದ್ರು. ಇನ್ನೊಂದು ಬರೇ ಬೀಳು ನೆಲ, ಗಾಡಿನೇ ಇಲ್ಲ. ಇದ್ರಾಗ ಮೊದ್ಲಿಂದ ಓಡಾಟ ಐತಿ ಅಂತ ನಮ್ಮ ಲೆಕ್ಕ ಹೇಳ್ತು. ಇದಾ ಪಾಸಾತು."

"ದಾರಿ ಪಕ್ಕದ ಮನಿ?"

"ಹದಿನೇಳು ಹೋಗ್ತಾವು. ನಾಳೆ ಆ ಗ್ವಾಡಿಗೆ ಬಣ್ಣದ ಗುರುತು ಹಾಕ್ಬೇಕು."

ಸ್ಫೂರ್ತಿ ನಕ್ಷೆಯ ಮೇಲೆ ಕೈಯಿಟ್ಟಳು. "ಆ ಲೆಕ್ಕ ಸುಳ್ರಿ ಸರ್. ಇದ್ದದ್ದು ಎಂಟೋ ಒಂಬತ್ತೋ ಗಾಡಿ. ಅವೇ ತಿರುಗಿದ್ವು. ನನಗ ಗೊತ್ತಿತ್ತು, ಗೊತ್ತಿದ್ದಾ ಬರದೆ."

ವೀರೇಶ್ ಎದ್ದು ಬಾಗಿಲು ಮುಂದೆ ಮಾಡಿದ. ನಕ್ಷೆಯನ್ನು ನಿಧಾನವಾಗಿ ಸುತ್ತಿ ದಾರ ಕಟ್ಟಿದ. "ನನಗ ಹೇಳ್ದಿ, ಸಾಕು. ಮತ್ಯಾರ ಮುಂದೂ ಹೇಳಬ್ಯಾಡ. ಇನ್ನ ಅದು ತಿದ್ದೋ ಕಾಗದ ಅಲ್ಲ. ನಿನಗ ಊರು ಗೊತ್ತೈತಿ, ನಾಳೆ ನೀನಾ ಹೋಗು."

ಮರುದಿನ ಬಣ್ಣದ ಡಬ್ಬಿ ಹಿಡಿದು ಅವಳು ಜೀಪಿನಿಂದ ಇಳಿದಾಗ ಹುಲುಗಮ್ಮ ಅಂಗಳದಲ್ಲಿದ್ದಳು. ಮನೆ ಕೆಡವುವ ನೋಟೀಸು ಹಿಂದಿನ ವಾರವೇ ಬಂದಿತ್ತು. ಎರ್ರಿಯಪ್ಪ ಹೊಸ್ತಿಲಲ್ಲಿ ಬಂದು ನಿಂತು, ಬಣ್ಣದ ಡಬ್ಬಿ ನೋಡಿ ಒಳಗೆ ಹೋದ.

"ನನ್ನಿಂದ ಆತ್ರಿ ಅಮ್ಮಾ," ಎಂದಳು ಸ್ಫೂರ್ತಿ.

"ನಿನ್ನಿಂದ ಏನವ್ವಾ. ನಾವಾ ತಿರುಗಿದ್ವಲ್ಲ."

ದಾರಿಯ ಕಡೆಯ ಗೋಡೆಗೆ ಹುಲುಗಮ್ಮ ಆಗಷ್ಟೇ ಸಗಣಿ ಕುಳ್ಳು ತಟ್ಟಿದ್ದಳು. ಅವಿನ್ನೂ ಹಸಿ. ನಡುವಿನ ನಾಲ್ಕೈದನ್ನು ಅವಳು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟಳು. ಒಳಗಿನಿಂದ ತಂಬಿಗೆ ನೀರು ತಂದು ಆ ಜಾಗ ತೊಳೆದು, ಸೆರಗಿನ ತುದಿಯಿಂದ ಒರೆಸಿದಳು.

"ಇಲ್ಲಿ ಬರಿ. ಹಸಿ ಮ್ಯಾಲೆ ಬಣ್ಣ ನಿಂದ್ರಂಗಿಲ್ಲ. ಒಂದೀಟು ಆರಲಿ, ಕುಂದ್ರವ್ವಾ."