ಅಜ್ಜಿಯ ಸರದಿ

ಆ ಬೆಳಿಗ್ಗೆ ಆಕಾಶದ ತುಂಬ ತೆಳು ಮೋಡ. ಮಳೆ ಸುರಿಸುವ ಜಾತಿಯದಲ್ಲ. ಬೇಸಿಗೆಯ ನೆತ್ತಿಗೆ ಒಂದಿಷ್ಟು ನೆರಳು ಹಿಡಿ ಎಂದು ದೇವರೇ ಹೇಳಿ ಕಳುಹಿಸಿದನೇನೋ ಎಂಬಂಥದ್ದು. ಡ್ರೈವರಮ್ಮ ಒಂದು ಕಂಕುಳಲ್ಲಿ ಚಾಪೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅಮ್ಮನ ಮೊಣಕೈ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದಳು. ಮಗಳು ಗುಬ್ಬಿ, ಪುಸ್ತಕ ಅವುಚಿಕೊಂಡು ಮುಂದೆ ಮುಂದೆ.

ವಾರವೆಲ್ಲ ಬಸ್ಸು ಓಡಿಸುವವಳು ರಜೆಯ ದಿನವೂ ಬಸ್ಸು ಹತ್ತು ಅಂದರೆ ಕೈ ಮುಗಿದುಬಿಡುತ್ತಾಳೆ. ಹಾಗಾಗಿ ಈ ಮನೆಯವರ ಬೇಸಿಗೆ ಪ್ರವಾಸವೆಲ್ಲ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ನೆರಳಿಗೇ. ಹೋದಾಗಲೆಲ್ಲ ಒಂದು ಅಧ್ಯಾಯ. ಓದುವುದು ಸರದಿಯ ಮೇಲೆ. ಕಣ್ಣಿಗೆ ಪೊರೆ ಬಂದ ಅಜ್ಜಿ ಮಾತ್ರ ಪ್ರತಿ ಸಲವೂ "ನನ್ನದು ಮುಂದಿನ ವಾರ" ಎಂದು ಜಾರಿಕೊಳ್ಳುತ್ತಿದ್ದಳು.

"ಅಜ್ಜೀ, ನಿನ್ನ ಬಾಕಿ ಬೆಳೀತಾ ಇದೆ," ಎಂದಳು ಗುಬ್ಬಿ.

"ಬೆಳೀಲಿ ಬಿಡೇ. ನಿನಗಿಂತ ಅದಾದ್ರೂ ಸ್ವಲ್ಪ ಉದ್ದ ಆಗ್ಲಿ."

ಇವತ್ತು ಕೊನೆಯ ಅಧ್ಯಾಯ. ಹೋದ ವಾರ ಕಥೆಯ ಕತ್ತೆ, ನೆರೆಗೆ ಸಿಕ್ಕ ಮನೆಮಂದಿಯನ್ನೆಲ್ಲ ದಡ ಮುಟ್ಟಿಸಿ ತಾನು ಕೊಚ್ಚಿಹೋಗಿತ್ತು. ಗುಬ್ಬಿ ಊಟ ಬಿಟ್ಟು ಮೂಲೆ ಸೇರಿದ್ದಳು. "ವಾಪಸ್ ಬರುತ್ತೆ ಕಣೇ. ನಾನು ನಿನ್ನಷ್ಟಿದ್ದಾಗ ನಿಮ್ಮಜ್ಜಿ ಇದೇ ಪುಸ್ತಕ ಓದಿ ಹೇಳಿದ್ದಾಳೆ. ಬರಲಿಲ್ಲ ಅಂದ್ರೆ ಇನ್ಯಾವತ್ತೂ ನನ್ನ ಮಾತು ನಂಬಬೇಡ," ಎಂದು ಡ್ರೈವರಮ್ಮ ಭಾಷೆ ಕೊಟ್ಟ ಮೇಲೇ ಅವಳ ಗಂಟಲಲ್ಲಿ ತುತ್ತು ಇಳಿದದ್ದು.

ಡ್ರೈವರಮ್ಮ ಓದುತ್ತಾ ಹೋಗಿ ಕೊನೆಯ ಪುಟ ತಿರುವಿದಳು. ನಾಲಿಗೆ ಅಲ್ಲೇ ನಿಂತಿತು, ಕಣ್ಣು ಮಾತ್ರ ಮುಂದೆ ಓಡಿತು. 'ನೆರೆ ಇಳಿಯಿತು. ಮನೆಯ ಹುಡುಗಿಗೆ ಕೆಸರಿನಲ್ಲಿ ಕತ್ತೆಯ ಕೊರಳ ಗಂಟೆ ಸಿಕ್ಕಿತು. ಕತ್ತೆ ಸಿಗಲೇ ಇಲ್ಲ.' ಅಷ್ಟೇ. ಕೆಳಗೆಲ್ಲ ಬರೀ ಬಿಳಿ ಹಾಳೆ.

ಹಾಗಾದರೆ ಕಿವಿ ತುಂಬ ಪಾಚಿ ಅಂಟಿಸಿಕೊಂಡು ಬಂದು ಬಾಗಿಲಿಗೆ ತಲೆ ಗುದ್ದಿದ ಕತ್ತೆ? ಇಷ್ಟು ವರ್ಷ ತನ್ನ ಎದೆಯೊಳಗೆ ಜೀವಂತ ಓಡಾಡಿಕೊಂಡಿದ್ದ ಕತ್ತೆ? ಅವಳು ಅಮ್ಮನ ಮುಖ ನೋಡಿದಳು. ಅಜ್ಜಿ ಗಾಳಿಗೆ ಮುಖವೊಡ್ಡಿ, ಏನೂ ಅರಿಯದ ಕೂಸಿನ ಹಾಗೆ ಚಾಪೆಯ ಎಳೆ ಕೀಳುತ್ತಿದ್ದಳು.

"ಯಾಕಮ್ಮ ನಿಲ್ಲಿಸಿದೆ?" ಎಂದಳು ಗುಬ್ಬಿ.

"ಬ್ರೇಕ್ ಬಿತ್ತು." ಡ್ರೈವರಮ್ಮ ಪುಸ್ತಕವನ್ನು ಮೆಲ್ಲಗೆ ಅಮ್ಮನ ಮಡಿಲಿಗಿಟ್ಟಳು. "ಈ ಪುಟ ನನ್ನ ಕೈಲಾಗಲ್ಲ. ತಗೋಮ್ಮ, ನಿನ್ನ ಸರದಿ. ನನಗೆ ಹೇಗೆ ಓದಿದ್ದೆಯೋ ಹಾಗೇ ಓದು."

ಅಜ್ಜಿಗೆ ಅರ್ಥವಾಯಿತು. "ಅಂತೂ ಸಿಕ್ಕಿಬಿದ್ದೆ ಅನ್ನು," ಎಂದು ಗೊಣಗಿ, ಹಾಳೆಯ ಮೇಲೆ ಬೆರಳಿಟ್ಟಳು. ಗುಬ್ಬಿ ಅವಳ ಹೆಗಲಿಗೆ ಗಲ್ಲ ಊರಿ ಪುಟದೊಳಗೆ ಇಣುಕಿದಳು.

"ನೆರೆ ಇಳಿಯಿತು. ಒಂದು ಮುಂಜಾನೆ ಬಾಗಿಲಿಗೆ ಧಡ್ ಅಂತ ಸದ್ದು. ಯಾರಪ್ಪಾ ಅಂತ ತೆಗೆದು ನೋಡಿದರೆ, ಕಿವಿ ತುಂಬ ಪಾಚಿ, ಮೈ ತುಂಬ ಕೆಸರು..." ಅಚ್ಚಿನ ಸಾಲು ಮುಗಿದು ಎಷ್ಟೋ ಹೊತ್ತಾಗಿತ್ತು. ಅಜ್ಜಿಯ ಬೆರಳು ಬಿಳಿ ಹಾಳೆಯ ಮೇಲೆ ಎಲ್ಲೂ ತಡವರಿಸದೆ ಓಡುತ್ತಿತ್ತು. ಕತ್ತೆ ಒಳಗೆ ಬಂತು, ಎಲ್ಲರ ಕೈಯಲ್ಲೂ ಮೈ ಒರೆಸಿಕೊಂಡಿತು, ಬೈಸಿಕೊಂಡಿತು, ಒಲೆಯ ಪಕ್ಕ ಕಾಲು ಚಾಚಿ ಮಲಗಿತು. "ಮುಗೀತು," ಎಂದಳು ಅಜ್ಜಿ.

"ಎಲ್ಲಿ ಮುಗೀತು? ಗಂಟೆ ಬಿಟ್ಟುಬಿಟ್ಟೆ," ಎಂದಳು ಗುಬ್ಬಿ.

ಡ್ರೈವರಮ್ಮ ತಟ್ಟನೆ ಮಗಳತ್ತ ತಿರುಗಿದಳು. ಗಂಟೆಯ ವಿಷಯ ಯಾರೂ ಬಾಯಿಬಿಟ್ಟು ಓದಿರಲಿಲ್ಲ; ಅದಿದ್ದದ್ದು ಆ ಅಚ್ಚಿನ ಸಾಲುಗಳಲ್ಲಿ ಮಾತ್ರ. ಬಗ್ಗಿ ನೋಡಿದರೆ, ಆ ಸಾಲುಗಳನ್ನು ಗುಬ್ಬಿಯ ಪುಟ್ಟ ಅಂಗೈ ಗಟ್ಟಿಯಾಗಿ ಮುಚ್ಚಿಕೊಂಡಿತ್ತು.

"ನಾನು ಓದ್ತೀನಿ, ಕೇಳು," ಎಂದು ಅವಳು ಬಿಳಿ ಹಾಳೆಯತ್ತ ಕಣ್ಣು ನೆಟ್ಟು, ಅಜ್ಜಿಯದೇ ರಾಗದಲ್ಲಿ ಶುರುಮಾಡಿದಳು. "ಕೆಸರಲ್ಲಿ ಸಿಕ್ಕಿದ ಗಂಟೆಯನ್ನು ಹುಡುಗಿ ತೊಳೆದು ಇಟ್ಟುಕೊಂಡಿದ್ದಳು. ಕತ್ತೆಗೆ ಎಚ್ಚರ ಆಗದ ಹಾಗೆ, ಮೆಲ್ಲಗೆ, ಅದರ ಕೊರಳಿಗೇ ವಾಪಸ್ ಕಟ್ಟಿದಳು."