ಇಳಿಸುವುದು ಮಾತ್ರ

ವಿಮಾನದ ರೆಕ್ಕೆಯ ಕೆಳಗೆ ಬಗ್ಗಿ, ವರ್ನಾ ಟ್ಯಾಂಕಿನ ಪೆಟ್ರೋಲನ್ನು ಪುಟ್ಟ ಬಟ್ಟಲಿಗೆ ಬಸಿದುಕೊಂಡಳು. ಬೆಳಕಿಗೆ ಹಿಡಿದಳು. ತಿಳಿನೀಲಿ, ಇರಬೇಕಾದ ಬಣ್ಣವೇ. ತಳದಲ್ಲಿ ನೀರು ನಿಂತಿದೆಯೋ ಎಂದು ಮತ್ತೊಮ್ಮೆ ನೋಡಿದಳು.

"ಅದೇನು ಸೂಪಾ, ಅಷ್ಟು ಹೊತ್ತು ನೋಡೋಕೆ?" ಒಳಗಿನಿಂದ ಲೈಲ್ ಕೂಗಿದ. "ಹತ್ತು ಮಾರಾಯ್ತಿ. ಹಾರ್ಲನ್‌ನಲ್ಲಿ ಪ್ಯಾನ್‌ಕೇಕ್ ಖಾಲಿಯಾಗುತ್ತೆ."

"ಖಾಲಿಯಾದ್ರೆ ನಿನ್ನ ಹೃದಯಕ್ಕೇ ಒಳ್ಳೇದು."

ಅವನು ನಕ್ಕ. ವರ್ನಾ ನಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಡ ಹಾರುತ್ತಿರುವುದು ಇವತ್ತೇ ಮೊದಲು.

ಅಲಾಸ್ಕಾದ ಆ ಮೂಲೆಯಲ್ಲಿ ಅವರ ಊರಾದ ಟರ್ನರ್ ಕ್ರೀಕ್‌ಗೆ ರಸ್ತೆಯಿಲ್ಲ. ಹಿಟ್ಟು, ಅಂಚೆ, ಬಾಣಂತಿ, ಹೆಣ ಎಲ್ಲವೂ ವಿಮಾನಕ್ಕೆಂದು ಹಾಸಿದ ಜಲ್ಲಿಪಟ್ಟಿಯ ಮೇಲೆ ಇಳಿದು, ಅಲ್ಲಿಂದಲೇ ಏರಬೇಕು. ಹಾರಲಾಗದ ಗಂಡಸನ್ನು ಆ ಊರು ಮುದುಕ ಎನ್ನುತ್ತದೆ. ಕಳೆದ ಚಳಿಗಾಲ ಲೈಲ್‌ನ ಎದೆ ಸೀಳಿ ಹೊಲಿದಿದ್ದರು. ಬೇಸಿಗೆಯ ಕೊನೆಗೆ, ಹತ್ತಾರು ಪರೀಕ್ಷೆಗಳ ನಂತರ, ಪರವಾನಗಿ ಮರಳಿ ಬಂತು. ಆದರೆ ಡಾಕ್ಟರು ಮೊದಲೇ ಒಂದು ಮಾತು ಹೇಳಿದ್ದರು: ಪಕ್ಕದಲ್ಲಿ ವಿಮಾನ ಇಳಿಸಬಲ್ಲವರು ಒಬ್ಬರು ಇರಲೇಬೇಕು. ಇಲ್ಲವಾದರೆ ವಿಮಾನ ಮಾರಿಬಿಡಿ.

ಇಂಥ ಗಂಡಂದಿರ ಹೆಂಡತಿಯರಿಗೆಂದೇ ಅಲ್ಲಿ ಒಂದು ಪಾಠವಿದೆ. ಏರಿಸುವುದನ್ನು ಕಲಿಸುವುದಿಲ್ಲ. ಇಳಿಸುವುದು ಮಾತ್ರ. ಬೇಸಿಗೆಯಿಡೀ ಇಡಾ ಎಂಬ ತರಬೇತುದಾರಳು ತನ್ನ ವಿಮಾನದಲ್ಲಿ ವರ್ನಾಳನ್ನು ಕರೆದುಕೊಂಡು ಹೋಗಿ ಬಂದಳು. ಎಲ್ಲಿ, ಹೇಗೆ ನಡೀತು ಎಂದು ಲೈಲ್ ಒಮ್ಮೆಯೂ ಕೇಳಲಿಲ್ಲ.

"ದೋಣೀನೂ ದಡಕ್ಕೆ ತರೋಕೆ ಬರಲ್ಲ ಇವಳಿಗೆ," ಎಂದು ಅಂಗಡಿಯಲ್ಲಿ ಎಲ್ಲರೆದುರು ನಕ್ಕಿದ್ದ. "ನನ್ನ ಪ್ರಾಣ ಇವಳ ಕೈಲಂತೆ!"

ಇಡಾಳದು ಒರಟು ಬಾಯಿ. ಪಾಠದ ನಡುವೆ ಹೇಳದೆ ಕೇಳದೆ ಎಂಜಿನ್ನಿನ ಸದ್ದು ತಗ್ಗಿಸಿ, ಕೈ ಕಟ್ಟಿ ಕೂತುಬಿಡುತ್ತಿದ್ದಳು. "ಗಂಡ ಸತ್ತಿದ್ದಾನೆ ಅಂದ್ಕೋ. ಅಳೋದು ಆಮೇಲೆ. ಮೊದ್ಲು ಇಳಿಸು. ಅದೂ ಕಲಿತ ನೆಲದ ಮೇಲೇ. ಹೊಸ ಜಾಗದ ಸಾಹಸ ಬೇಡ." ಚಳಿ ಶುರುವಾಗುತ್ತಲೇ ಅವಳು ಅರಿಜೋನಾಕ್ಕೆ ಹೊರಟುಹೋದಳು.

ಇವತ್ತು ಲೈಲ್ ಸಲೀಸಾಗಿ ವಿಮಾನ ಏರಿಸಿದ. ಕೆಳಗೆ ಬರ್ಚ್ ಮರಗಳು ಹಳದಿಯಾಗಿದ್ದವು, ಗುಡ್ಡಗಳ ನೆತ್ತಿಗೆ ಮೊದಲ ಹಿಮ ಬಿದ್ದಿತ್ತು. ಅವನು ಮಾತಾಡುತ್ತಲೇ ಇದ್ದ. ಎಂಜಿನ್ನಿನ ಬಗ್ಗೆ, ಗಾಳಿಯ ಬಗ್ಗೆ, ಅವಳು ನಕ್ಷೆ ಮಡಿಸುವ ರೀತಿಯ ಬಗ್ಗೆ. ಹೆಡ್‌ಫೋನಿನಲ್ಲಿ ಅವನ ದನಿ ಅವಳ ತಲೆಯೊಳಗೇ ಕೂತಂತಿತ್ತು.

ನದಿಯ ದೊಡ್ಡ ತಿರುವು ದಾಟಿದಾಗ ಹಾರ್ಲನ್ ಪಟ್ಟಣ ಕಂಡಿತು. ಟಾರು ಹಾಕಿದ ಅಗಲವಾದ ಪಟ್ಟಿ. ಅದರ ಮಗ್ಗುಲಲ್ಲೇ ಆಸ್ಪತ್ರೆಯ ಕೆಂಪು ಚಾವಣಿ.

ಮಾತು ನಡುವೆಯೇ ನಿಂತಿತು.

ಲೈಲ್‌ನ ಕೈ ಚುಕ್ಕಾಣಿಯಿಂದ ಜಾರಿ ತೊಡೆಯ ಮೇಲೆ ಬಿತ್ತು. ತಲೆ ಕಿಟಕಿಗೆ ಒರಗಿತು.

"ಲೈಲ್?"

ಅವಳು ಅವನ ಕುತ್ತಿಗೆಗೆ ಬೆರಳಿಟ್ಟಳು. ಎಂಜಿನ್ನಿನ ನಡುಕದಲ್ಲಿ ಏನೂ ತಿಳಿಯಲಿಲ್ಲ. ತನ್ನ ಮುಂದಿದ್ದ ಚುಕ್ಕಾಣಿ ಹಿಡಿದಳು. ವಿಮಾನ ಒಮ್ಮೆ ಓಲಾಡಿ ನೆಟ್ಟಗಾಯಿತು.

ಕಿವಿಯಲ್ಲಿ ಮೌನ. ಮದುವೆಯಾದಂದಿನಿಂದ ಇಂಥ ಮೌನವನ್ನು ಅವಳು ಕೇಳಿರಲಿಲ್ಲ. ಕಳೆದ ಚಳಿಗಾಲವಿಡೀ ಅವನು ಹಾಸಿಗೆಯಿಂದ ಚಮಚದಲ್ಲಿ ಲೋಟ ಬಡಿದು ಅವಳನ್ನು ಕರೆಯುತ್ತಿದ್ದ. ನೀರಿಗೆ, ದಿಂಬಿಗೆ, ಬೈಯುವುದಕ್ಕೆ. ಅವನು ಮಲಗಿದ ಮೇಲೂ ಆ ಸದ್ದು ಅವಳಿಗೆ ಕೇಳಿಸುತ್ತಿತ್ತು.

ಇಡಾ ಕಲಿಸಿದ್ದನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ಕೈ ನಡುಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ. ನಿಧಾನವಾಗಿ ರೆಕ್ಕೆ ವಾಲಿಸಿ, ವಿಮಾನವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು. ಕೆಂಪು ಚಾವಣಿ ಕಿಟಕಿಯಿಂದ ಸರಿದುಹೋಯಿತು.

ದಾರಿ ಉದ್ದವಾಗಿತ್ತು. ಅವಳು ಅವನತ್ತ ನೋಡಲಿಲ್ಲ.

ಟರ್ನರ್ ಕ್ರೀಕ್‌ನ ಜಲ್ಲಿಪಟ್ಟಿಯ ಮೇಲೆ ಅಡ್ಡಗಾಳಿ ಬೀಸುತ್ತಿತ್ತು. ಚಕ್ರಗಳು ನೆಲ ಮುಟ್ಟಿ, ಪುಟಿದು, ಮತ್ತೆ ಮುಟ್ಟಿದವು. ಕಲ್ಲುಗಳು ಹೊಟ್ಟೆಯಡಿ ಸಿಡಿದವು. ವಿಮಾನ ಪಟ್ಟಿಯ ಕೊನೆಯಲ್ಲಿ ನಿಂತಿತು. ಎಂಜಿನ್ ಆರಿಸಿದಳು. ಎದ್ದು ಓಡಬೇಕಿತ್ತು, ಯಾರನ್ನಾದರೂ ಕರೆಯಬೇಕಿತ್ತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಭೇಷ್!"

ಲೈಲ್ ಕಣ್ಣು ಬಿಟ್ಟಿದ್ದ.

ವರ್ನಾಳ ಗಂಟಲಿನಿಂದ ಹೊರಟ ಸದ್ದನ್ನು ಅವನು ಅಳು ಎಂದುಕೊಂಡ.

"ಅಳಬೇಡ್ವೇ. ಪರೀಕ್ಷೆ ಮಾಡಿದೆ ಅಷ್ಟೇ. ಹೇಳಿ ಮಾಡಿದ್ರೆ ಅದು ಪರೀಕ್ಷೆ ಆಗುತ್ತಾ?" ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಹಾರ್ಲನ್‌ನಲ್ಲಿ ಇಳಿಸ್ತೀಯ, ಅಲ್ಲೇ ಕಣ್ಣು ಬಿಟ್ಟು ಪ್ಯಾನ್‌ಕೇಕ್ ತಿನ್ನಿಸೋಣ ಅಂತಿದ್ದೆ. ಆಸ್ಪತ್ರೆ ಎದುರಿಗೇ ಇತ್ತಲ್ಲ... ಯಾಕೆ ತಿರುಗಿಸಿದೆ?"

"ಕಲಿತ ಕಡೇನೇ ಇಳಿಸ್ಬೇಕು ಅಂತ ಇಡಾ ಹೇಳಿದ್ಲು."

"ರೇಡಿಯೋದಲ್ಲಿ ಯಾರನ್ನೂ ಕರೀಲೂ ಇಲ್ಲ."

"ಚುಕ್ಕಾಣಿಯಿಂದ ಕೈ ತೆಗೆಯೋಕೆ ಭಯ ಆಯ್ತು."

ಅವನು ಅವಳ ಮುಖವನ್ನೇ ನೋಡಿದ. ನಂಬುವುದು ಅವನಿಗೂ ಬೇಕಾಗಿತ್ತು. ಉಸಿರು ಬಿಟ್ಟು, ಅವಳ ಮೊಣಕಾಲು ತಟ್ಟಿದ.

"ಹೋಗ್ಲಿ ಬಿಡು. ಹೆದರಿದ್ರೂ ಇಳಿಸಿದೆಯಲ್ಲ. ಇನ್ನು ನಾನು ಧೈರ್ಯವಾಗಿ ಹಾರಬಹುದು. ಬರೋ ಶನಿವಾರ ಮತ್ತೆ ಹೋಗೋಣ, ಏನಂತೀಯ?"

"ಹೋಗೋಣ," ಎಂದಳು ವರ್ನಾ. ಉಳಿದದ್ದನ್ನು ಅವನಿಗಾಗಲಿ ಬೇರೆ ಯಾರಿಗಾಗಲಿ ಎಂದಿಗೂ ಹೇಳುವುದಿಲ್ಲವೆಂದು ಅಲ್ಲೇ, ಸೀಟಿನ ಪಟ್ಟಿ ಬಿಚ್ಚುತ್ತ, ನಿರ್ಧರಿಸಿದಳು.

ಬೇಸಿಗೆಯಿಡೀ ಇಡಾ ಅವಳಿಗೆ ಇಳಿಸುವುದನ್ನು ಕಲಿಸಿದ್ದು ಹಾರ್ಲನ್‌ನಲ್ಲಿ. ಟರ್ನರ್ ಕ್ರೀಕ್‌ನ ಜಲ್ಲಿಯ ಮೇಲೆ ಅವಳು ವಿಮಾನ ಇಳಿಸಿದ್ದು ಇದೇ ಮೊದಲು.