ಹಿಡಿಯುವವನ ನಂಬಿಕೆ

ಗಾಳಿಯಲ್ಲಿ ಎರಡು ಲಾಗ ಹೊಡೆದು ಕೈಚಾಚಿದ ಹೆಂಡತಿ, ಗಂಡನ ಬೆರಳ ತುದಿಯನ್ನಷ್ಟೇ ಸವರಿಕೊಂಡು ಧೊಪ್ಪನೆ ಕೆಳಗಿನ ಬಲೆಗೆ ಬಿದ್ದಳು. ಬೆಳಗಿನ ಅಭ್ಯಾಸದ ಹೊತ್ತು. ಸರ್ಕಸ್ಸಿನ ಡೇರೆಯ ಖಾಲಿ ಕುರ್ಚಿಗಳ ನಡುವೆ ನೋಡುವವರು ಒಬ್ಬರೇ ಇದ್ದರು, ಅವಳ ಅತ್ತೆ. ಒಬ್ಬರೇ ಆದರೂ ಡೇರೆ ತುಂಬುವಷ್ಟು ಗಂಟಲಿತ್ತು.

"ನಾನು ಬಡ್ಕೊಂಡೆ! ದೇವರು ದಿಂಡರು ಅಂತ ಒಂದಿಲ್ಲ ಇವನಿಗೆ. ಇನ್ನೇನಾಗತ್ತೆ?"

ಮೇಲೆ ಉಯ್ಯಾಲೆಯ ಕೋಲಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಿದ್ದ ಮಗ, ತೂಗುತ್ತಲೇ ಕೂಗಿದ: "ಅಮ್ಮಾ, ಇವತ್ತು ಕೈಮುಗಿದೇ ಹತ್ತಿದ್ದೀನಲ್ಲಮ್ಮ!"

ಮಾತು ನಿಜ. ಏಣಿ ಹತ್ತುವ ಮುಂಚೆ ಡೇರೆಯಲ್ಲಿ ಎಲ್ಲರೂ ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿಯುತ್ತಾರೆ. ಇವನೊಬ್ಬ ಮಾತ್ರ ಆ ಗಳಿಗೆಯಲ್ಲಿ ಹಗ್ಗದ ಗಂಟುಗಳನ್ನು ಜಗ್ಗಿ ನೋಡುತ್ತಾನೆ. ಅಮ್ಮನಿಗೆ ಅದೇ ಕೊರಗು. ದಿನಾ ಚಹಾ ಕೊಡುವಾಗ ಜೊತೆಗೊಂದು ಲೆಕ್ಕವನ್ನೂ ಕೊಡುತ್ತಿದ್ದರು: "ದೇವರು ಇದಾನೋ ಇಲ್ವೋ, ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇದ್ರೆ, ನಂಬಿದೋನು ಗೆದ್ದ. ಇಲ್ದಿದ್ರೆ, ನಂಬಿದೋನು ಕಳ್ಕೊಂಡಿದ್ದೇನೋ? ಎರಡು ಕೈ ಜೋಡಿಸೋ ಕಷ್ಟ, ಅಷ್ಟೇ ತಾನೆ?" ಆವತ್ತು ಸಂಜೆ ಎರಡು ಲಾಗದ ಆಟ ಮೊದಲ ಬಾರಿಗೆ ಜನರ ಮುಂದೆ ಬರುವುದಿತ್ತು. ಮದುವೆಗೆ ಮುಂಚಿನಿಂದಲೂ ಹೆಂಡತಿ ಕಂಡ ಕನಸು ಅದು, ಅವಳ ಜೀವ ಇವನ ಅಂಗೈಯಲ್ಲಿ. ಹುಡುಕಿದರೂ ಅಮ್ಮನ ಲೆಕ್ಕದಲ್ಲಿ ತಪ್ಪು ಸಿಗದೆ, ಬೆಳಿಗ್ಗೆ ಇವನು ಮನಸ್ಸಿಟ್ಟೇ ಕೈಮುಗಿದಿದ್ದ.

"ಮತ್ತೆ ನಡುಬಲೆಗೆ ಬಿದ್ಳಲ್ಲ, ಅಂಚಿಗೆ ಬೀಳ್ಲಿಲ್ವಲ್ಲ!" ಅಮ್ಮ ಸೋಲಲಿಲ್ಲ. "ಅದು ಯಾರ ದಯೆ?"

ಅಂಚಿನ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಅವರೂ ಹಾರುವವರೇ. ಬಲೆಯ ಅಂಚಿಗೆ ಬಿದ್ದು ಸೊಂಟ ಹೋದ ಮೇಲೆ ಟಿಕೆಟ್ ಕಿಟಕಿಯ ಹಿಂದೆ ಕೂತರು. ಆವತ್ತು ಹಿಡಿಯಲು ಹೋಗಿ ಕೈತಪ್ಪಿಸಿದ ಅವರ ಯಜಮಾನರು ಡೇರೆಗೇ ದೊಡ್ಡ ದೈವಭಕ್ತರು.

"ಅಪ್ಪ ನಂಬಿದ್ರಲ್ಲಮ್ಮ?" ಮಗ ಹಗ್ಗ ಹಿಡಿದು ಜಾರಿ ಇಳಿಯುತ್ತ ಕೇಳಿದ.

"ನಂಬಿದ್ದಕ್ಕೇ ಸೊಂಟದಲ್ಲಿ ಮುಗೀತು. ಇಲ್ದಿದ್ರೆ ಕುತ್ತಿಗೆನೇ ಹೋಗ್ತಿತ್ತು."

ಈ ಲೆಕ್ಕದಲ್ಲಿ ದೇವರು ಸೋಲುವುದಕ್ಕೆ ದಾರಿಯೇ ಇರಲಿಲ್ಲ. ಮಗ ಹೆಂಡತಿಯ ಕಡೆಗೆ ಓಡಿದ. ಅವಳು ಬಲೆಯಿಂದ ಇಳಿದು ಮೊಣಕೈ ಉಜ್ಜಿಕೊಳ್ಳುತ್ತಿದ್ದಳು.

"ಪೆಟ್ಟಾಯ್ತಾ?"

"ನಂಗೇನೂ ಆಗಿಲ್ಲ. ನಿಮ್ಮ ಕೈಗೇನಾಗಿತ್ತು, ಅದನ್ನ ಹೇಳಿ. ಅರ್ಧ ಚಾಚಿದ್ರಿ."

ಅವನು ತನ್ನ ಅಂಗೈ ನೋಡಿಕೊಂಡ. "ಹೆಂಗೆ ಹೇಳೋದು... ದಿನಾ ನೀನು ಕೋಲು ಬಿಟ್ಟ ತಕ್ಷಣ ನಂಗೊಂದು ಹೆದರಿಕೆ ಹತ್ಕೊಳ್ಳತ್ತೆ. ನಾನು ಹಿಡೀಲಿಲ್ಲ ಅಂದ್ರೆ ಇನ್ಯಾರೂ ಇಲ್ಲ ಅಂತ. ಇವತ್ತು ಕೈಮುಗಿದು ಹತ್ತಿದ್ನಾ, ಮನಸ್ಸು ಹಗುರಾಗ್ಬಿಡ್ತು. ಮೇಲೊಬ್ಬ ನೋಡ್ಕೋತಾನೆ ಬಿಡು ಅನ್ನಿಸ್ತು. ಎಷ್ಟು ಹಾಯಾಗಿತ್ತು ಗೊತ್ತಾ? ಆ ನೆಮ್ಮದೀಲೇ ಒಂದು ಚೂರು ತಡವಾಯ್ತು."

"ಅಂದ್ರೆ ಇಷ್ಟು ವರ್ಷ ದಿನಾ ಹೆದರ್ಕೊಂಡೇ ಹಿಡೀತಿದ್ರಾ?"

"ದಿನಾ."

ಅವಳಿಗೆ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅತ್ತೆ ಎದುರಿಗಿದ್ದುದರಿಂದ ಅದನ್ನು ಹೇಗೋ ತಡೆದುಕೊಂಡು, ಅತ್ತೆಯ ಕಡೆಗೇ ತಿರುಗಿದಳು.

"ಅತ್ತೆ, ನಂಬಿದೋನು ಕಳ್ಕೊಳ್ಳೋದೇನು ಅಂತ ದಿನಾ ಕೇಳ್ತಿದ್ರಲ್ಲ? ನನ್ನನ್ನ! ನಿಮ್ಮ ಲೆಕ್ಕದಲ್ಲಿ ಸೊಸೇನ ಸೇರಿಸೋದೇ ಮರೆತ್ರಾ?"

ಅತ್ತೆಯ ಕೈ ತಾನಾಗಿ ಸೊಂಟದ ಮೇಲೆ ಹೋಯಿತು. "ನೀನು ಮಾತ್ರ ದಿನಾ ಕೈಮುಗೀತೀಯಲ್ಲೇ?" ಎಂದರು.

"ನಾನು ಹಾರೋಳು. ಕೋಲು ಬಿಟ್ಟ ಮೇಲೆ ನನ್ನ ಕೈಯಲ್ಲೇನಿದೆ? ನಂಬದೆ ಕಾಲು ಏಳಲ್ಲ. ಇವರು ಹಿಡಿಯೋರು. ಇವರಿಗೆ ಆ ನೆಮ್ಮದಿ ಯಾಕೆ?"

"ಹಾಗಾದ್ರೆ ನನ್ನ ಮಗ ನಾಸ್ತಿಕನಾಗೇ ಸಾಯ್ಬೇಕಾ?"

"ಸಾಯೋವಾಗ ನಂಬ್ಲಿ, ಯಾರು ಬೇಡ ಅಂದ್ರು? ಆಟ ಮುಗಿಯೋ ತನಕ ತಡೀರಿ."

ಮಗನಿಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಆದರೂ ಭುಜ ಕುಲುಕಿ ಗುಟ್ಟು ರಟ್ಟಾಯಿತು.

ಸಂಜೆ ಡೇರೆ ಕಿಕ್ಕಿರಿದಿತ್ತು. ಅಮ್ಮ ಟಿಕೆಟ್ ಕಿಟಕಿ ಮುಚ್ಚಿ ಬಂದು ಮೊದಲ ಸಾಲಿನಲ್ಲಿ ಕೂತರು. ಮಗ ಏಣಿಯ ಬುಡದಲ್ಲಿ ನಿಂತು ಅವರತ್ತ ನೋಡಿದಾಗ, ಕಾಣದವರಂತೆ ಕತ್ತು ಬೇರೆ ಕಡೆಗೆ ಹೊರಳಿಸಿದರು. ಅಷ್ಟೇ ಅನುಮತಿ ಸಾಕಾಗಿತ್ತು. ಅವನು ಕೈಮುಗಿಯದೆ ಗಂಟುಗಳನ್ನೆಲ್ಲ ಜಗ್ಗಿ ನೋಡಿ, ಹಿಡಿತ ಜಾರದಂತೆ ಅಂಗೈಗೆ ಬಿಳಿಪುಡಿ ಬಳಿದುಕೊಂಡು ಹತ್ತಿದ.

ಎದುರಿನ ಹಲಗೆಯ ಮೇಲೆ ಹೆಂಡತಿ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. ದಿನಕ್ಕಿಂತ ತುಸು ಹೆಚ್ಚೇ ಹೊತ್ತು. ಡೋಲಿನ ಸದ್ದಿಗೆ ಕೆಳಗಿನವರಿಗೆ ಕೇಳಿಸದು ಎಂಬ ಧೈರ್ಯದಲ್ಲಿ ಅವನು ತಲೆಕೆಳಗಾಗಿ ತೂಗುತ್ತ ಕೂಗಿದ:

"ಏನೇ ಅದು, ಅಷ್ಟು ಹೊತ್ತು ಬೇಡ್ಕೊಂಡಿದ್ದು?"

"ನಿಮಗೆ ನಂಬಿಕೆ ಬರದೇ ಇರ್ಲಿ ಅಂತ!" ಎಂದವಳೇ ಅವಳು ಉಯ್ಯಾಲೆ ಹಿಡಿದು ಹಲಗೆ ಬಿಟ್ಟಳು.